ಹಳೆಯ ಬಾಗಿಲು ಹಾಗೇ ಇರಲಿ: ಒಂದು ಕಂಪ್ಯೂಟರ್, ಎರಡು ಆಪರೇಟಿಂಗ್ ಸಿಸ್ಟಂ – ಒಂದು ಅಭ್ಯಾಸ ಪಾಠದ ಅನುಭವ

ಹಿನ್ನೆಲೆ

ಬಿ.ಇಡಿ. ಎರಡನೆಯ ವರ್ಷದ ಇಂಟರ್ನ್‌ಶಿಪ್‌ಗೆ ನನ್ನನ್ನು ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತು ಯಂತ್ರಗಳಿದ್ದವು, ಆರು ಕೆಲಸ ಮಾಡುತ್ತಿದ್ದವು. ಎಲ್ಲದರಲ್ಲೂ ವಿಂಡೋಸ್ 7 ಇತ್ತು. ಅವುಗಳ ಪೈಕಿ ಮೆಮೊರಿ ಹೆಚ್ಚಿದ್ದ ಒಂದನ್ನು ಕಚೇರಿಯವರೂ ಬಳಸುತ್ತಿದ್ದರು.

ನಮ್ಮ ಕಾಲೇಜಿನಲ್ಲಿ ಜಿಯೋಜಿಬ್ರಾ, ಕೆಸ್ಟಾರ್ಸ್, ಕಾಲ್ಜಿಯಂ ಮುಂತಾದವನ್ನು ನಾವು ಕಲಿತದ್ದು ಉಬುಂಟುವಿನಲ್ಲಿ. ಶಾಲೆಯಲ್ಲೂ ಅದೇ ಇದ್ದರೆ ಪಾಠಕ್ಕೆ ಅನುಕೂಲ ಎಂದು ನನಗೆ ಅನಿಸಿತು. ಹಾಗೆಂದು ವಿಂಡೋಸ್ ತೆಗೆಯುವಂತಿರಲಿಲ್ಲ. ಶಾಲೆಯ ಪತ್ರಗಳು, ದಾಖಲಾತಿ ಪಟ್ಟಿಗಳು ಎಲ್ಲವೂ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ, ಯೂನಿಕೋಡ್ ಅಲ್ಲದ ರೂಪದಲ್ಲಿ ಬೆರಳಚ್ಚಾಗಿದ್ದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಕಾಣುತ್ತದೆ. ಆದ್ದರಿಂದ ಎರಡೂ ಒಂದೇ ಯಂತ್ರದಲ್ಲಿರಲಿ ಎಂದು ತೀರ್ಮಾನಿಸಿ, ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದೆ. ಆರಿಸಿಕೊಂಡದ್ದು ಮೆಮೊರಿ ಹೆಚ್ಚಿದ್ದ ಆ ಯಂತ್ರವನ್ನೇ.

ಈ ಲೇಖನದ ಪಾಠ ಹುಟ್ಟಿದ್ದು ಆಗ ನಾನು ಮಾಡಿದ ಎರಡು ತಪ್ಪುಗಳಿಂದ. ಅವುಗಳನ್ನು ಮೊದಲು ಹೇಳಿಬಿಡುವುದು ಸರಿ.

ನಾನು ಮಾಡಿದ ಎರಡು ತಪ್ಪುಗಳು

ಶನಿವಾರ ಮಧ್ಯಾಹ್ನ ಉಬುಂಟು ಹಾಕಿದೆ. ಅನುಸ್ಥಾಪನೆಯ ವೇಳೆ ಪರದೆ ಕೇಳಿದ್ದಕ್ಕೆಲ್ಲ 'ಮುಂದುವರಿಸು' ಒತ್ತುತ್ತಾ ಹೋದೆ. ಬೂಟ್‌ಲೋಡರ್ ಎಲ್ಲಿ ಕೂರಬೇಕು ಎಂಬುದನ್ನು ಗಮನಿಸಲಿಲ್ಲ. ಅದು ಹಾರ್ಡ್ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಅಂದರೆ ವಿಂಡೋಸ್‌ನ ಆರಂಭ ಸೂಚನೆ ಇದ್ದ ಜಾಗದಲ್ಲೇ ಕುಳಿತಿತು.

ಸೋಮವಾರ ಬೆಳಿಗ್ಗೆ ಕಚೇರಿಯ ದ್ವಿತೀಯ ದರ್ಜೆ ಸಹಾಯಕರು ಯಂತ್ರದ ಗುಂಡಿ ಒತ್ತಿ ಹಾಜರಿ ಪುಸ್ತಕ ತರಲು ಹೋದರು. ಹತ್ತು ಸೆಕೆಂಡು ಕಾದ ಮೆನು, ತನ್ನಷ್ಟಕ್ಕೆ ಮೊದಲ ಸಾಲಿನ ಉಬುಂಟುವನ್ನು ತೆರೆಯಿತು. ಅವರು ಬಂದು ನೋಡಿದಾಗ ಪರದೆಯ ಬಣ್ಣವೇ ಬೇರೆ, ನುಡಿ ಇಲ್ಲ, ಕಡತಗಳಿಲ್ಲ. ಅಂದು ಮಧ್ಯಾಹ್ನದೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ವಿದ್ಯಾರ್ಥಿ ಪಟ್ಟಿ ಹೋಗಬೇಕಿತ್ತು. ನಾನು ಎಂಟನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಯಾರೂ ನನ್ನನ್ನು ಕರೆಯಲಿಲ್ಲ. ಅವರು ಇಡೀ ಪಟ್ಟಿಯನ್ನು ಕೈಯಲ್ಲೇ ಬರೆದರು. ಊಟದ ವೇಳೆಗೆ ಸಿಕ್ಕಾಗ ಒಂದೇ ಮಾತು ಕೇಳಿದರು: "ಏನ್ರೀ ಮೇಷ್ಟ್ರೇ, ಮೂರು ವರ್ಷದ ಕಡತ ಎಲ್ಲಿ ಹಾಕಿದ್ರಿ?"

ಕಡತ ಎಲ್ಲೂ ಹೋಗಿರಲಿಲ್ಲ. ಯಂತ್ರ ಪುನಃ ಚಾಲೂ ಮಾಡಿ, ಮೆನುವಿನಲ್ಲಿ ವಿಂಡೋಸ್ ಆರಿಸಿ ತೋರಿಸಿದೆ. ಆದರೂ ಮುಖ್ಯೋಪಾಧ್ಯಾಯಿನಿಯವರು, "ಬೇಡಪ್ಪ, ಹಾಕಿದ್ದನ್ನ ತೆಗೆದುಬಿಡು" ಎಂದರು.

ಎರಡನೆಯ ತಪ್ಪು ಇನ್ನೂ ದೊಡ್ಡದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಉಬುಂಟುವಿನ ಪಾರ್ಟಿಷನ್ ಅಳಿಸಿಬಿಟ್ಟೆ. ಮೊದಲ ಸೆಕ್ಟರಿನಲ್ಲಿ ಕುಳಿತಿದ್ದ ಗ್ರಬ್ ಬೂಟ್‌ಲೋಡರಿನ ಮೆನು ಮತ್ತು ಉಳಿದ ಭಾಗಗಳು ಆ ಪಾರ್ಟಿಷನ್ನಿನಲ್ಲೇ ಇದ್ದವು. ಮುಂದಿನ ಸಲ ಗುಂಡಿ ಒತ್ತಿದಾಗ ಕಪ್ಪು ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಒಂದು ಸಾಲು ಮಾತ್ರ ಮೂಡಿತು. ಈಗ ವಿಂಡೋಸ್ ನಿಜವಾಗಿಯೂ ತೆರೆಯುತ್ತಿರಲಿಲ್ಲ. ಮರುದಿನ ಸಂಜೆ ಸ್ನೇಹಿತನಿಂದ ವಿಂಡೋಸ್ 7ರ ಡಿವಿಡಿ ತಂದು, ದುರಸ್ತಿ ವಿಭಾಗದ ಕಮಾಂಡ್ ಪ್ರಾಂಪ್ಟಿನಲ್ಲಿ 'ಬೂಟ್‌ರೆಕ್' ಆಜ್ಞೆಯನ್ನು 'ಫಿಕ್ಸ್ ಎಂಬಿಆರ್' ಆಯ್ಕೆಯೊಂದಿಗೆ ಕೊಟ್ಟ ಮೇಲೆ ಹಳೆಯ ದಾರಿ ಮರಳಿತು. ಅಷ್ಟರಲ್ಲಿ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಕಚೇರಿಯ ಬೀರು ಸೇರಿತ್ತು.

ಹತ್ತು ದಿನಗಳ ಬಳಿಕ ನನ್ನ ಮಾರ್ಗದರ್ಶಕ ಶಿಕ್ಷಕಿ ನಡುವೆ ಮಾತಾಡಿದ್ದರಿಂದ ಇನ್ನೊಂದು ಅವಕಾಶ ಸಿಕ್ಕಿತು. ಷರತ್ತುಗಳು ಎರಡು: ಕಚೇರಿಯ ಯಂತ್ರ ಮುಟ್ಟಬಾರದು, ಬೇರೆ ಯಂತ್ರದಲ್ಲಾದರೂ ಗುಂಡಿ ಒತ್ತಿದರೆ ಮೊದಲು ಹಳೆಯದೇ ಬರಬೇಕು. ಮಾರ್ಗದರ್ಶಕರು ಮೂರನೆಯದೊಂದನ್ನು ಸೇರಿಸಿದರು: "ಏನಾಯ್ತು ಅನ್ನೋದನ್ನ ಒಂಬತ್ತನೇ ಕ್ಲಾಸಿಗೆ ಪಾಠ ಮಾಡು. ಮಕ್ಕಳಿಗೆ ಅರ್ಥ ಆದ್ರೆ ನಿನಗೂ ಅರ್ಥ ಆಗಿದೆ ಅಂತ."

ವಿಷಯ ವಿಶ್ಲೇಷಣೆ

ಪಾಠ ಯೋಜನೆ ಬರೆಯಲು ಕುಳಿತಾಗ, ಕ್ರಮವನ್ನು ಬಾಯಿಪಾಠ ಮಾಡಿದ್ದೆನೇ ಹೊರತು ಅದರ ಹಿಂದಿನ ವಿಷಯ ನನಗೆ ಗೊತ್ತಿರಲಿಲ್ಲ ಎಂದು ತಿಳಿಯಿತು. ಹೊಸದಾಗಿ ಓದಿ ಬರೆದುಕೊಂಡ ಅಂಶಗಳಿವು.

ಹಳೆಯ ಬಗೆಯ ಯಂತ್ರಗಳಲ್ಲಿ ವಿದ್ಯುತ್ ಬಂದೊಡನೆ ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಬಯಾಸ್ ಎಚ್ಚರಗೊಳ್ಳುತ್ತದೆ. ಅದಕ್ಕೆ ವಿಂಡೋಸ್ ಎಂದರೇನು, ಉಬುಂಟು ಎಂದರೇನು ಎಂಬುದು ಗೊತ್ತಿಲ್ಲ. ಹಾರ್ಡ್ ಡಿಸ್ಕಿನ ಮೊದಲ ಸೆಕ್ಟರನ್ನು ಮೆಮೊರಿಗೆ ತಂದು ಅದರ ಕೈಗೆ ಅಧಿಕಾರ ಕೊಡುವುದಷ್ಟೇ ಅದರ ಕೆಲಸ. ಆ ಸೆಕ್ಟರಿನ ಹೆಸರು ಮಾಸ್ಟರ್ ಬೂಟ್ ರೆಕಾರ್ಡ್. ಗಾತ್ರ 512 ಬೈಟ್. ಅದರ ಹಂಚಿಕೆ ಹೀಗಿದೆ:

ಮೊದಲ 446 ಬೈಟ್: ಆರಂಭಿಸುವ ಪುಟ್ಟ ಕ್ರಮವಿಧಿ.
ಮುಂದಿನ 64 ಬೈಟ್: ಪಾರ್ಟಿಷನ್ ಪಟ್ಟಿ. ತಲಾ 16 ಬೈಟಿನ ನಾಲ್ಕು ಸಾಲು.
ಕೊನೆಯ 2 ಬೈಟ್: ಇದು ಆರಂಭಿಸಬಹುದಾದ ಸೆಕ್ಟರ್ ಎನ್ನುವ ಗುರುತು.

ಇಡೀ ಆಪರೇಟಿಂಗ್ ಸಿಸ್ಟಂ 446 ಬೈಟಿನಲ್ಲಿ ಹಿಡಿಯುವುದಿಲ್ಲ. ಅಲ್ಲಿರುವುದು 'ಮುಂದೆ ಇಂಥ ಕಡೆ ಹೋಗು' ಎನ್ನುವ ಚೀಟಿ ಮಾತ್ರ. ವಿಂಡೋಸ್ 7ರಲ್ಲಿ ಆ ಚೀಟಿ, ಚಾಲ್ತಿ ಎಂದು ಗುರುತಾದ ಪಾರ್ಟಿಷನ್ನಿನ ಮೂಲಕ ವಿಂಡೋಸ್ ಬೂಟ್ ಮ್ಯಾನೇಜರಿಗೆ ದಾರಿ ತೋರುತ್ತದೆ. ಬೂಟ್ ಮ್ಯಾನೇಜರ್ ತನ್ನ ಬಳಿ ಇರುವ ಪಟ್ಟಿ ನೋಡಿ ವಿಂಡೋಸನ್ನು ಎಬ್ಬಿಸುತ್ತದೆ. ನಾನು ಮಾಡಿದ್ದು ಮೊದಲ ಚೀಟಿಯನ್ನು ಹರಿದು ಬೇರೆ ಚೀಟಿ ಅಂಟಿಸಿದ್ದು. ಆಮೇಲೆ ಆ ಹೊಸ ಚೀಟಿ ತೋರಿಸುತ್ತಿದ್ದ ಮನೆಯನ್ನೇ ಕೆಡವಿದ್ದು.

ಪಾಠ ಯೋಜನೆ

ತರಗತಿ: ಒಂಬತ್ತು. ಹಾಜರಿದ್ದವರು 34. ಅವಧಿ: 40 ನಿಮಿಷದ ಎರಡು.
ಪೂರ್ವಜ್ಞಾನ: ಹಾರ್ಡ್ ಡಿಸ್ಕ್, ಮೆಮೊರಿ, ಕಡತ ಎಂಬ ಪದಗಳ ಪರಿಚಯ, ಬೈಟ್ ಎಂಬ ಅಳತೆ, 2ರ ಘಾತಗಳು.
ಕಲಿಕಾ ಉದ್ದೇಶಗಳು:
1. ಗುಂಡಿ ಒತ್ತಿದಾಗಿನಿಂದ ಪರದೆ ಮೂಡುವವರೆಗಿನ ಹಂತಗಳನ್ನು ಕ್ರಮವಾಗಿ ಹೇಳುವುದು.
2. ಕಡತ ಅಳಿಸಿಹೋಗುವುದಕ್ಕೂ ಕಡತಕ್ಕೆ ಹೋಗುವ ದಾರಿ ತಪ್ಪುವುದಕ್ಕೂ ವ್ಯತ್ಯಾಸ ಗುರುತಿಸುವುದು.
3. ಹಳೆಯ ಬೂಟ್‌ಲೋಡರ್ ಉಳಿಸಿಕೊಂಡು ಹೊಸದನ್ನು ಸೇರಿಸುವ ವಿಧಾನದ ಕಾರಣ ವಿವರಿಸುವುದು.
4. ಬದಲಾವಣೆಗೆ ಮೊದಲು ಪ್ರತಿ ತೆಗೆದಿಡುವ ಅಭ್ಯಾಸ ಬೆಳೆಸಿಕೊಳ್ಳುವುದು.
ಸಾಮಗ್ರಿ: ಐದು ರಟ್ಟಿನ ಫಲಕ, ಚೀಟಿಗಳು, ಒಂದು ಯಂತ್ರ, ಉಬುಂಟು ಇರುವ ಒಂದು ಪೆನ್‌ಡ್ರೈವ್, ಪ್ರತಿ ಇಡಲು ಇನ್ನೊಂದು ಪೆನ್‌ಡ್ರೈವ್.

ಮೊದಲ ಅವಧಿ: ಚೀಟಿ ಆಟ

ಐವರನ್ನು ಮುಂದೆ ಕರೆದು ಕೊರಳಿಗೆ ಫಲಕ ಹಾಕಿದೆ: ಬಯಾಸ್, ಮೊದಲ ಸೆಕ್ಟರ್, ಬೂಟ್ ಮ್ಯಾನೇಜರ್, ವಿಂಡೋಸ್, ಉಬುಂಟು. ನಿಯಮ ಒಂದೇ. ಕೈಯಲ್ಲಿರುವ ಚೀಟಿಯಲ್ಲಿ ಬರೆದವರನ್ನು ಮಾತ್ರ ಎಬ್ಬಿಸಬಹುದು, ಯಾರೂ ತಾವಾಗಿ ಏಳುವಂತಿಲ್ಲ.

ಮೊದಲ ಸುತ್ತು ಸರಾಗವಾಗಿ ಸಾಗಿತು. ಬಯಾಸ್ ಮೊದಲ ಸೆಕ್ಟರನ್ನು ಮುಟ್ಟಿತು, ಅದು ಬೂಟ್ ಮ್ಯಾನೇಜರನ್ನು, ಅದು ವಿಂಡೋಸನ್ನು.

ಎರಡನೆಯ ಸುತ್ತಿಗೆ ಮೊದಲ ಸೆಕ್ಟರಿನ ಕೈಯಲ್ಲಿದ್ದ ಚೀಟಿಯನ್ನು ಎಲ್ಲರೆದುರು ಹರಿದು, 'ಉಬುಂಟುವಿನ ಬಳಿ ಹೋಗು' ಎಂದು ಬರೆದ ಚೀಟಿ ಕೊಟ್ಟೆ. ಉಬುಂಟುವಿನ ಕೈಗೆ ಎರಡು ಹೆಸರಿನ ಪಟ್ಟಿ ಕೊಟ್ಟೆ, ತನ್ನದೇ ಮೇಲಿನ ಸಾಲಿನಲ್ಲಿ. ಉಬುಂಟು ಎದ್ದು, ಯಾರೂ ಏನೂ ಹೇಳದ ಕಾರಣ ತಾನೇ ಕೆಲಸ ಆರಂಭಿಸಿತು.

ಮೂರನೆಯ ಸುತ್ತಿಗೆ ಮೊದಲು ಉಬುಂಟು ಆಗಿದ್ದ ಹುಡುಗನನ್ನು ಹೊರಗೆ ಕಳಿಸಿದೆ. ಮೊದಲ ಸೆಕ್ಟರ್ ಆಗಿದ್ದ ಹುಡುಗಿ ಚೀಟಿ ಓದಿದಳು, ಸುತ್ತ ನೋಡಿದಳು, "ಇಲ್ಲ ಸರ್" ಎಂದು ನಿಂತುಬಿಟ್ಟಳು. ಆಗ ವಿಂಡೋಸ್ ಫಲಕದ ಹುಡುಗ ಕುಳಿತಲ್ಲಿಂದಲೇ ಕೈಯೆತ್ತಿದ: "ನಾನ್ ಇಲ್ಲೇ ಇದೀನಿ ಸರ್! ನನ್ನ ಯಾರೂ ಕರೀಲೇ ಇಲ್ಲ."

ಇಡೀ ತರಗತಿ ನಕ್ಕಿತು. ಎರಡನೆಯ ಉದ್ದೇಶ ಆ ಒಂದು ವಾಕ್ಯದಲ್ಲಿ ಈಡೇರಿತ್ತು. ಕಚೇರಿಯ ಸಹಾಯಕರಿಗೆ ಅಂದು ನಾನು ಅರ್ಧ ಗಂಟೆ ವಿವರಿಸಿಯೂ ಮನವರಿಕೆ ಮಾಡಲಾಗದ ವಿಷಯ ಅದೇ ಆಗಿತ್ತು.

ಕಡತಗಳು ಹೋದವೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಹೊಸಬರನ್ನು ಸೇರಿಸಿಕೊಳ್ಳುವುದು ಹೇಗೆ? ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದಳು: "ಹಳೇ ಚೀಟಿ ಹರಿಯೋದ್ಯಾಕೆ ಸರ್? ಬೂಟ್ ಮ್ಯಾನೇಜರ್ ಹತ್ರ ಪಟ್ಟಿ ಐತಲ್ಲ, ಅದರ ಕೆಳಗೆ ಉಬುಂಟು ಹೆಸರು ಬರೆದ್ರೆ ಸಾಕಲ್ವಾ?"

ಮುಂದಿನ ಅವಧಿಯಲ್ಲಿ ನಾನು ಹೇಳಿಕೊಡಬೇಕೆಂದಿದ್ದ ವಿಧಾನ ಅದೇ. ಅದನ್ನು ಕಪ್ಪುಹಲಗೆಯ ಮೇಲೆ ಅವಳ ಮಾತಿನಲ್ಲೇ ಬರೆದೆ. ನಾಲ್ಕನೆಯ ಸುತ್ತನ್ನು ಹಾಗೆಯೇ ಆಡಿಸಿ, ಉಬುಂಟುವನ್ನು ಮತ್ತೆ ಹೊರಗೆ ಕಳಿಸಿದೆ. ಈ ಸಲ ವಿಂಡೋಸ್ ನಿರಾತಂಕವಾಗಿ ಎದ್ದಿತು.

ಎರಡನೆಯ ಅವಧಿ: ಯಂತ್ರದ ಮುಂದೆ

ಉಬುಂಟು ಅನುಸ್ಥಾಪನೆಗೆ ಬೇಕಾದ ಸಮಯ ಒಂದು ಅವಧಿಯಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಕೆಳಗಿನ ಕ್ರಮದ ಮೊದಲ ನಾಲ್ಕು ಹಂತಗಳನ್ನು ಬೆಳಿಗ್ಗೆ ಬೇಗ ಬಂದು ಮುಗಿಸಿ, ಉಳಿದದ್ದನ್ನು ಮಕ್ಕಳೆದುರು ಮಾಡಿದೆ.

1. ವಿಂಡೋಸ್‌ನಲ್ಲಿರುವ ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಕಡೆ ಇಡುವುದು.

2. ಪೆನ್‌ಡ್ರೈವ್‌ನಿಂದ ಉಬುಂಟುವನ್ನು ಅನುಸ್ಥಾಪಿಸದೆ ತೆರೆದು, 'ಡಿಡಿ' ಆಜ್ಞೆಯಿಂದ ಹಾರ್ಡ್ ಡಿಸ್ಕಿನ ಮೊದಲ 512 ಬೈಟನ್ನು ಎರಡನೆಯ ಪೆನ್‌ಡ್ರೈವ್‌ಗೆ ನಕಲು ಮಾಡುವುದು. ಈ ಆಜ್ಞೆಯಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಡಿಸ್ಕಿನ ಮೇಲೆಯೇ ಬರೆದುಬಿಡುತ್ತದೆ. ಎಂಟರ್ ಒತ್ತುವ ಮೊದಲು ಎರಡನ್ನೂ ಗಟ್ಟಿಯಾಗಿ ಓದಬೇಕು.

3. ವಿಂಡೋಸ್‌ಗೆ ಮರಳಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ಕಿರಿದುಗೊಳಿಸಿ ಖಾಲಿ ಜಾಗ ಮಾಡುವುದು.

4. ಉಬುಂಟು ಅನುಸ್ಥಾಪನೆಯಲ್ಲಿ ಪಾರ್ಟಿಷನ್‌ಗಳನ್ನು ನಾವೇ ಆರಿಸುವ ಆಯ್ಕೆಗೆ ಹೋಗುವುದು. ಖಾಲಿ ಜಾಗದಲ್ಲಿ ಲಾಜಿಕಲ್ ಪಾರ್ಟಿಷನ್ ಮಾಡಿದರೆ ಅದಕ್ಕೆ ಎಸ್‌ಡಿಎ 5 ಎಂಬ ಹೆಸರು ಬರುತ್ತದೆ. ಅದೇ ಪರದೆಯ ಕೆಳಗೆ, ಬೂಟ್‌ಲೋಡರ್ ಎಲ್ಲಿರಬೇಕು ಎಂದು ಕೇಳುವ ಸಾಲಿರುತ್ತದೆ. ಅಲ್ಲಿ ಇಡೀ ಡಿಸ್ಕನ್ನು ಸೂಚಿಸುವ ಎಸ್‌ಡಿಎ ಬದಲು ಎಸ್‌ಡಿಎ 5 ಆರಿಸಬೇಕು. ನಾನು ಮೊದಲ ಸಲ ಓದದೆ ಬಿಟ್ಟ ಸಾಲು ಇದೇ.

5. ಅನುಸ್ಥಾಪನೆ ಮುಗಿದ ಮೇಲೆ, ಪೆನ್‌ಡ್ರೈವ್‌ನ ಉಬುಂಟುವಿನಲ್ಲೇ ಇದ್ದು, ಎಸ್‌ಡಿಎ 5ರ ಮೊದಲ 512 ಬೈಟನ್ನು ಇನ್ನೊಂದು ಕಡತವಾಗಿ ನಕಲು ಮಾಡುವುದು.

6. ವಿಂಡೋಸ್ ತೆರೆದು ಆ ಕಡತವನ್ನು ಸಿ ಡ್ರೈವಿನಲ್ಲಿಡುವುದು. ಅಡ್ಮಿನಿಸ್ಟ್ರೇಟರ್ ಅಧಿಕಾರದ ಕಮಾಂಡ್ ಪ್ರಾಂಪ್ಟಿನಲ್ಲಿ 'ಬಿಸಿಡಿಎಡಿಟ್' ಆಜ್ಞೆಯಿಂದ ಬೂಟ್ ಸೆಕ್ಟರ್ ಬಗೆಯ ಹೊಸ ನಮೂದು ಸೃಷ್ಟಿಸಿ, ಅದಕ್ಕೆ ಸಿ ಡ್ರೈವನ್ನೂ ಕಡತದ ಹೆಸರನ್ನೂ ತಿಳಿಸಿ, ಪಟ್ಟಿಯ ಕೊನೆಗೆ ಸೇರಿಸುವುದು.

'ಎಸ್‌ಡಿಎ' ಎಂದು ಹಲಗೆಯ ಮೇಲೆ ಬರೆದಾಗ ಬಾಗಿಲ ಬಳಿ ನಗು ಕೇಳಿಸಿತು. ಪಾಠ ನೋಡಲು ನಾನೇ ಆಹ್ವಾನಿಸಿದ್ದ ಕಚೇರಿಯ ಸಹಾಯಕರು ಅಲ್ಲಿದ್ದರು. "ಎಸ್‌ಡಿಎ ಅಂದ್ರೆ ನಮ್ಮ ಹುದ್ದೆ ಕಣ್ರೀ. ಅದಕ್ಕೇ ನೀವು ಮೊದಲು ನನ್ನ ಮೇಲೇ ಬರೆದಿದ್ದು" ಎಂದರು. ಆ ಘಟನೆಯ ಬಳಿಕ ಅವರು ನನ್ನೊಡನೆ ಸಲಿಗೆಯಿಂದ ಮಾತಾಡಿದ್ದು ಅದೇ ಮೊದಲು.

ಐದನೆಯ ಹಂತದಲ್ಲಿ ಒಂದು ಚಟುವಟಿಕೆ ಸೇರಿಸಿದ್ದೆ. ನಕಲು ಮಾಡಿದ ಎರಡೂ ಕಡತಗಳನ್ನು 'ಹೆಕ್ಸ್‌ಡಂಪ್' ಆಜ್ಞೆಯಿಂದ ತೆರೆದು, ಇವು ಯಾರ ಚೀಟಿಗಳು ಪತ್ತೆ ಮಾಡಿ ಎಂದೆ. ಪರದೆಯ ತುಂಬ ಅಂಕಿಗಳ ರಾಶಿ. ಬಲಬದಿಯಲ್ಲಿ ಅಲ್ಲಲ್ಲಿ ಓದಲು ಬರುವ ಪದಗಳು. ಒಂದರಲ್ಲಿ 'ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಂ' ಎಂಬ ಸಂದೇಶ ಸಿಕ್ಕಿತು. ಅದು ವಿಂಡೋಸ್ ಹಾಕಿದ ಮೊದಲ ಸೆಕ್ಟರ್. ಇನ್ನೊಂದರಲ್ಲಿ 'ಗ್ರಬ್' ಎಂಬ ಹೆಸರು ಸಿಕ್ಕಿತು. ಎರಡರ ಕೊನೆಯಲ್ಲೂ 55, ಎಎ ಎಂಬ ಎರಡು ಬೈಟುಗಳು. ಬಳಿಕ ಡಿಸ್ಕಿನ ಮೊದಲ ಸೆಕ್ಟರನ್ನು ಮತ್ತೊಮ್ಮೆ ಓದಿಸಿ ನೋಡಿದೆವು: ವಿಂಡೋಸ್‌ನ ಚೀಟಿ ಹಾಗೇ ಇತ್ತು. ಯಂತ್ರವನ್ನು ಪುನಃ ಚಾಲೂ ಮಾಡುವ ಮೊದಲೇ ನಮ್ಮ ಕೆಲಸ ಸರಿಯಾಗಿದೆ ಎಂದು ತಿಳಿಯಲು ಇದು ನೆರವಾಯಿತು.

ಆರನೆಯ ಹಂತ ಮುಗಿದ ಮೇಲೆ ಗುಂಡಿ ಒತ್ತಲು ಸಹಾಯಕರನ್ನೇ ಕೇಳಿಕೊಂಡೆ. ಎರಡು ಸಾಲಿನ ಪಟ್ಟಿ ಬಂತು, ಮೇಲೆ ವಿಂಡೋಸ್ 7. ಅವರು ಏನನ್ನೂ ಒತ್ತದೆ ಕೈ ಕಟ್ಟಿ ನಿಂತರು. ಪಟ್ಟಿಯ ಸಮಯ ಮುಗಿಯಿತು, ವಿಂಡೋಸ್ ತೆರೆಯಿತು. ಎರಡನೆಯ ಸಲ ಒಬ್ಬ ಹುಡುಗಿ ಕೆಳಗಿನ ಸಾಲು ಆರಿಸಿ ಉಬುಂಟು ತೆರೆದಳು.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ. ಗುಂಡಿಯಿಂದ ಪರದೆಯವರೆಗಿನ ಕ್ರಮವನ್ನು ಹೆಚ್ಚಿನವರು ಸರಿಯಾಗಿ ಬರೆದರು. ಎರಡನೆಯದು ಲೆಕ್ಕ: 446, 64, 2 ಕೂಡಿಸಿ, ಮೊತ್ತವನ್ನು 2ರ ಘಾತವಾಗಿ ಬರೆಯಿರಿ. ಮೂರನೆಯದು ಸ್ವಲ್ಪ ಕಠಿಣ: 'ನಾವು ಮೊದಲೇ ತೆಗೆದಿಟ್ಟ 512 ಬೈಟನ್ನು ಉಬುಂಟು ಹಾಕಿದ ಮೇಲೆ ಪೂರ್ತಿಯಾಗಿ ಹಿಂದಕ್ಕೆ ಹಾಕಿದರೆ ಏನಾಗುತ್ತದೆ?'

ಬಹುತೇಕರು 'ವಿಂಡೋಸ್ ಬರುತ್ತದೆ' ಎಂದಷ್ಟೇ ಬರೆದರು. ಒಬ್ಬ ಹುಡುಗ ಮಾತ್ರ, 'ಹಳೆಯ ಪಟ್ಟಿಯಲ್ಲಿ ಉಬುಂಟುವಿನ ಜಾಗದ ಹೆಸರಿಲ್ಲ, ಆದ್ದರಿಂದ ಆ ಜಾಗ ಕಾಣೆಯಾಗುತ್ತದೆ' ಎಂದು ಬರೆದಿದ್ದ. ಉತ್ತರ ಸರಿ. ಪಾರ್ಟಿಷನ್ ಮಾಡಿದ ಮೇಲೆ ಆ 64 ಬೈಟಿನ ಪಟ್ಟಿ ಬದಲಾಗಿರುತ್ತದೆ. ಆದ್ದರಿಂದ ಚೀಟಿ ಮಾತ್ರ ಹಿಂದಿರುಗಿಸಬೇಕಾದಾಗ ಮೊದಲ 446 ಬೈಟನ್ನಷ್ಟೇ ಹಾಕಬೇಕು. ಈ ಅಂಶವನ್ನು ನಾನು ಪಾಠದಲ್ಲಿ ಒತ್ತಿ ಹೇಳಿರಲಿಲ್ಲ. ಮಕ್ಕಳು ತಪ್ಪಿದ್ದರಲ್ಲಿ ನನ್ನ ಪಾಲೂ ಇದೆ.

ವೀಕ್ಷಕರ ಟಿಪ್ಪಣಿ ಮತ್ತು ನನ್ನ ಅವಲೋಕನ

ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಚೀಟಿ ಆಟವನ್ನು ಮೆಚ್ಚಿ, ಕೆಳಗೆ ಹೀಗೆ ಬರೆದರು: 'ಎರಡನೆಯ ಅವಧಿಯಲ್ಲಿ ಆರು ಮಕ್ಕಳ ಕೈ ಕೀಲಿಮಣೆ ಮುಟ್ಟಿತು. 28 ಮಕ್ಕಳು ನೋಡುತ್ತಾ ನಿಂತರು.' ಇದನ್ನು ಒಪ್ಪುತ್ತೇನೆ. ಮುಂದಿನ ಸಲ ಹೆಕ್ಸ್‌ಡಂಪ್‌ನ ಮುದ್ರಿತ ಹಾಳೆಗಳನ್ನು ಗುಂಪಿಗೊಂದರಂತೆ ಕೊಟ್ಟು, ಪತ್ತೆ ಚಟುವಟಿಕೆಯನ್ನು ಎಲ್ಲರಿಂದಲೂ ಮಾಡಿಸಬೇಕು.

ಈ ವಿಧಾನದ ಮಿತಿಯನ್ನೂ ಹೇಳಬೇಕು. ಸಿ ಡ್ರೈವಿನಲ್ಲಿಟ್ಟ 512 ಬೈಟಿನ ನಕಲು, ಗ್ರಬ್‌ನ ಮುಂದಿನ ಭಾಗ ಡಿಸ್ಕಿನಲ್ಲಿ ಎಲ್ಲಿದೆ ಎಂಬುದನ್ನು ಸ್ಥಳದ ಸಂಖ್ಯೆಯಿಂದ ನೆನಪಿಟ್ಟಿರುತ್ತದೆ. ಉಬುಂಟು ನವೀಕರಣದಲ್ಲಿ ಗ್ರಬ್ ಮತ್ತೆ ಅನುಸ್ಥಾಪನೆಯಾಗಿ ಆ ಭಾಗ ಜಾಗ ಬದಲಿಸಿದರೆ ನಕಲು ಹಳತಾಗುತ್ತದೆ, ಉಬುಂಟು ತೆರೆಯುವುದಿಲ್ಲ. ಪಾರ್ಟಿಷನ್ನಿನಲ್ಲಿ ಗ್ರಬ್ ಹಾಕುವಾಗ ಅದು ತಾನೇ ಈ ಎಚ್ಚರಿಕೆ ನೀಡುತ್ತದೆ. ಆಗ ಐದನೆಯ ಹಂತವನ್ನು ಮತ್ತೊಮ್ಮೆ ಮಾಡಿ ಹೊಸ ನಕಲನ್ನು ಸಿ ಡ್ರೈವಿನಲ್ಲಿಡಬೇಕು. ಆದರೆ ಕೆಟ್ಟರೆ ಕೆಡುವುದು ಹೊಸದಾಗಿ ಬಂದದ್ದು. ಮೊದಲಿನಿಂದ ಇದ್ದದ್ದಕ್ಕೆ ತೊಂದರೆಯಿಲ್ಲ. ಶಾಲೆಗೆ ಬೇಕಾದ ಭರವಸೆ ಅದೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಯುಇಎಫ್‌ಐ ಬಗೆಯ ಹೊಸ ಯಂತ್ರಗಳಲ್ಲಿ ಕ್ರಮ ಬೇರೆ. ಅಲ್ಲಿ ಬೂಟ್‌ಲೋಡರ್‌ಗಳು ಒಂದು ಪುಟ್ಟ ಪ್ರತ್ಯೇಕ ಪಾರ್ಟಿಷನ್ನಿನಲ್ಲಿ ಸಾಮಾನ್ಯ ಕಡತಗಳಾಗಿರುತ್ತವೆ. ವಿಂಡೋಸ್‌ನದು ಮೈಕ್ರೋಸಾಫ್ಟ್ ಫೋಲ್ಡರಿನಲ್ಲಿ, ಉಬುಂಟುವಿನದು ತನ್ನದೇ ಫೋಲ್ಡರಿನಲ್ಲಿ. ಒಂದು ಇನ್ನೊಂದರ ಮೇಲೆ ಕೂರುವುದಿಲ್ಲ. ಬದಲಾಗುವುದು ಯಾರು ಮೊದಲು ಎಂಬ ಸರದಿ ಮಾತ್ರ. ಅನುಸ್ಥಾಪನೆಯ ನಂತರ ಉಬುಂಟುವಿನ 'ಇಎಫ್‌ಐ ಬೂಟ್‌ಎಂಜಿಆರ್' ಆಜ್ಞೆಯಿಂದ ಅಥವಾ ಯಂತ್ರದ ಸೆಟಪ್ ಪರದೆಯಿಂದ ವಿಂಡೋಸನ್ನು ಮತ್ತೆ ಮೊದಲ ಸ್ಥಾನಕ್ಕೆ ತರಬಹುದು. ವಿಂಡೋಸ್ 10ರಂತಹ ಆವೃತ್ತಿಗಳಲ್ಲಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ. ಇಲ್ಲವಾದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಉಬುಂಟುವಿನಿಂದ ಅದರ ಡ್ರೈವಿಗೆ ಬರೆಯುವುದು ಅಪಾಯ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಕೈ ಹಾಕಬೇಡಿ.

ಒಂದೆರಡು ಪಾಠಕ್ಕೆ ಮಾತ್ರ ಉಬುಂಟು ಬೇಕಿದ್ದರೆ ಅನುಸ್ಥಾಪನೆಯೇ ಬೇಡ. ಪೆನ್‌ಡ್ರೈವ್‌ನಿಂದ ನೇರವಾಗಿ ತೆರೆದರೆ ಸಾಕು. ನನಗೆ ಆಗಲೇ ಇದು ಹೊಳೆದಿದ್ದರೆ ಮೊದಲ ಶನಿವಾರದ ಸಾಹಸವೇ ನಡೆಯುತ್ತಿರಲಿಲ್ಲ.

ಕೊನೆಯದಾಗಿ, ಯಂತ್ರವನ್ನು ದಿನವೂ ಬಳಸುವವರು ಯಾರೋ ಅವರನ್ನು ಕೇಳಿ ಆರಂಭಿಸಿ. ನಾನು ಅನುಮತಿ ಪಡೆದದ್ದು ಮುಖ್ಯೋಪಾಧ್ಯಾಯಿನಿಯವರಿಂದ, ಅದು ಸರಿಯೇ. ಆದರೆ ಸೋಮವಾರ ಬೆಳಿಗ್ಗೆ ಆ ಗುಂಡಿ ಒತ್ತುವವರಿಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಅವರು ಒಂದು ಪಟ್ಟಿಯನ್ನು ಕೈಯಲ್ಲಿ ಬರೆಯುವುದು ತಪ್ಪುತ್ತಿತ್ತು.

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಮಕ್ಕಳ ಯಂತ್ರಗಳಲ್ಲಿ ಇನ್ನೂ ಎರಡಕ್ಕೆ ಇದೇ ಕ್ರಮದಲ್ಲಿ ಉಬುಂಟು ಹಾಕಿದೆವು. ಮೂರೂ ಯಂತ್ರಗಳ ಮೊದಲ ಸೆಕ್ಟರಿನ ಪ್ರತಿಗಳಿರುವ ಪೆನ್‌ಡ್ರೈವ್ ಒಂದು ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿದೆ. 446 ಬೈಟಿನ ಸೂಚನೆಯನ್ನು ಲಕೋಟೆಯ ಮೇಲೆ ಬರೆದವರು ಕಚೇರಿಯ ಸಹಾಯಕರು.